ಸ್ಕ್ರೀನ್ ಹೇಳೋದು ಒಂದು, ಕಿರ್ದಿ ಹೇಳೋದು ಇನ್ನೊಂದು

(ಪಾಡ್‌ಕಾಸ್ಟ್ ಸಂಚಿಕೆಯ ಬರಹರೂಪ)

ಇವತ್ತಿನ ಕಥೆ ಒಂದು ಫೋನ್ ಕರೆಯಿಂದ ಶುರುವಾಗುತ್ತೆ.

ಎರಡು ವರ್ಷದ ಹಿಂದೆ, ಒಂದು ಭಾನುವಾರ ರಾತ್ರಿ ಹನ್ನೊಂದು ಗಂಟೆಗೆ ನನ್ನ ಚಿಕ್ಕಪ್ಪನ ಮಗ ಫೋನ್ ಮಾಡಿದ. "ಅಣ್ಣಾ, ನೀನು ಕಂಪ್ಯೂಟರ್‌ನೋನಲ್ವಾ, ಒಂದು ವಿಷಯ ನೋಡಿ ಹೇಳು" ಅಂದ. ಯಾವುದೋ ಚಾಟ್ ಗುಂಪಲ್ಲಿ ಯಾರೋ ಹೇಳಿದ್ರಂತೆ. ಅದನ್ನ ನಂಬಿ ಒಂದು ಟ್ರೇಡಿಂಗ್ ಆ್ಯಪ್‌ಗೆ 85 ಸಾವಿರ ರೂಪಾಯಿ ಬೆಲೆಯ ಬಿಟ್‌ಕಾಯಿನ್ ಕಳಿಸಿದ್ದ. ಮೂರೇ ವಾರದಲ್ಲಿ ಆ್ಯಪ್‌ನಲ್ಲಿ ಅದು 2 ಲಕ್ಷದ 10 ಸಾವಿರ ಆಗಿತ್ತು. ತೆಗೆಯೋಕೆ ಹೋದ್ರೆ ಮೊದಲು ತೆರಿಗೆ ಅಂತ 30 ಸಾವಿರ ಕಟ್ಟಬೇಕಂತೆ. ಅವನ ಪ್ರಶ್ನೆ ಇಷ್ಟೇ: "ಕಟ್ಲಾ, ಬೇಡ್ವಾ? ಬೆಳಿಗ್ಗೆ ಹತ್ತರೊಳಗೆ ಕಟ್ಟಬೇಕಂತೆ."

"ನೀನು ಮೊದಲು ಕಳಿಸಿದ್ಯಲ್ಲ, ಅದರ ಟ್ರಾನ್ಸಾಕ್ಷನ್ ಐಡಿ ಕಳಿಸು" ಅಂದೆ. ಅಂಕೆ, ಅಕ್ಷರ ಸೇರಿ 64 ಇರೋ ಉದ್ದದ ಸಾಲು ಅದು. ನಮ್ಮ ಯುಪಿಐ ರಸೀದಿ ಮೇಲೆ ಒಂದು ಉಲ್ಲೇಖ ಸಂಖ್ಯೆ ಇರುತ್ತಲ್ಲ, ಹೆಚ್ಚುಕಮ್ಮಿ ಹಾಗೆ. ಒಂದೇ ಒಂದು ದೊಡ್ಡ ವ್ಯತ್ಯಾಸ ಅಂದ್ರೆ, ಯುಪಿಐ ಸಂಖ್ಯೆ ಹಿಡ್ಕೊಂಡು ನಾವು ಬ್ಯಾಂಕನ್ನ ಕೇಳಬೇಕು. ಬಿಟ್‌ಕಾಯಿನ್ ಸಂಖ್ಯೆ ಹಿಡ್ಕೊಂಡು ಯಾರು ಬೇಕಾದ್ರೂ ನೇರವಾಗಿ ಲೆಕ್ಕದ ಪುಸ್ತಕವನ್ನೇ ಕೇಳಬಹುದು.

ನಾನು ಕೇಳಿದೆ. ನನ್ನ ಹಳೇ ಲ್ಯಾಪ್‌ಟಾಪಲ್ಲಿ ಓಡೋ ಬಿಟ್‌ಕಾಯಿನ್ ತಂತ್ರಾಂಶಕ್ಕೆ 'ಗೆಟ್‌ಟಿಎಕ್ಸ್‌ಔಟ್' ಅಂತ ಒಂದು ಆದೇಶ ಕೊಡಬಹುದು. ಇಂಥ ವ್ಯವಹಾರದಲ್ಲಿ ಬಂದ ಹಣ ಇನ್ನೂ ಅಲ್ಲೇ ಕೂತಿದೆಯಾ ಅಂತ ಕೇಳೋ ಆದೇಶ ಅದು. ಇದ್ರೆ ಎಷ್ಟಿದೆ ಅಂತ ಹೇಳುತ್ತೆ. ನನಗೆ ಬಂದಿದ್ದು ಖಾಲಿ ಸಾಲು. ಅಂದ್ರೆ ಹಣ ಅಲ್ಲಿಲ್ಲ, ಯಾವಾಗಲೋ ಖರ್ಚಾಗಿದೆ. ತಮ್ಮನ ಸ್ಕ್ರೀನ್ ಮೇಲೆ 2 ಲಕ್ಷದ 10 ಸಾವಿರ, ಪುಸ್ತಕದಲ್ಲಿ ಸೊನ್ನೆ.

ಆ ಖಾಲಿ ಸಾಲು ನೋಡಿದ ಮೇಲೆ ನನಗೆ ಒಂದು ಹುಚ್ಚು ಹತ್ತಿಕೊಳ್ತು. ಎಲ್ಲರಿಗೂ ತೆರೆದಿಟ್ಟ ಪುಸ್ತಕ ಅಂತಾರಲ್ಲ, ಇದನ್ನ ಜನ ಓದೋಕೆ ಕಲಿತಿದ್ದು ಹೇಗೆ? ಓದದೇ ಇದ್ದಾಗ ಏನಾಯ್ತು? ಇವತ್ತು ಹೇಳ್ತಿರೋದು ಆ ಇತಿಹಾಸ.

ಕಿರ್ದಿ ಇದೆ, ಖತಾವಣಿ ಇಲ್ಲ

ನಮ್ಮ ತಾತ ದಿನಸಿ ಅಂಗಡಿ ಇಟ್ಟಿದ್ರು. ಅವರ ಹತ್ರ ಎರಡು ಪುಸ್ತಕ ಇರ್ತಿತ್ತು. ಒಂದು ಕಿರ್ದಿ. ವ್ಯವಹಾರ ನಡೆದ ಹಾಗೆ ಒಂದರ ಕೆಳಗೊಂದು ಬರ್ಕೊಂಡು ಹೋಗೋ ಪುಸ್ತಕ. ಇನ್ನೊಂದು ಖತಾವಣಿ. ಅದರಲ್ಲಿ ಒಬ್ಬೊಬ್ಬರ ಹೆಸರಿಗೆ ಒಂದೊಂದು ಪುಟ. ಯಾರ ಬಾಕಿ ಎಷ್ಟು ಅಂತ ನೋಡ್ಬೇಕಾದ್ರೆ ತಾತ ಖತಾವಣಿ ತೆಗೀತಿದ್ರೇ ಹೊರತು ಕಿರ್ದಿ ಅಲ್ಲ.

ಬಿಟ್‌ಕಾಯಿನ್ ಬ್ಲಾಕ್‌ಚೈನ್ ಅನ್ನೋದು ಬರೀ ಕಿರ್ದಿ. ಸರಾಸರಿ 10 ನಿಮಿಷಕ್ಕೆ ಒಂದು ಹೊಸ ಪುಟ, ಅದೇ ಬ್ಲಾಕ್. ಮೊದಲ ಪುಟ ಹುಟ್ಟಿದ್ದು 2009ರ ಜನವರಿ 3ಕ್ಕೆ. ಬರೆದವರು ಸತೋಶಿ ನಕಮೊಟೊ ಅನ್ನೋ ಹೆಸರಿನ, ಇವತ್ತಿಗೂ ಯಾರು ಅಂತ ಗೊತ್ತಿಲ್ಲದ ವ್ಯಕ್ತಿ. ಜನವರಿ 12ರಂದು, 170ನೇ ಬ್ಲಾಕಿನಲ್ಲಿ, ಅವರು ಹಾಲ್ ಫಿನ್ನಿ ಅನ್ನೋ ಪ್ರೋಗ್ರಾಮರ್‌ಗೆ 10 ಬಿಟ್‌ಕಾಯಿನ್ ಕಳಿಸಿದರು. ಒಬ್ಬರಿಂದ ಇನ್ನೊಬ್ಬರಿಗೆ ಹೋದ ಮೊದಲ ಬಿಟ್‌ಕಾಯಿನ್ ಅದು.

ಈ ಕಿರ್ದಿಯಲ್ಲಿ ಹೆಸರುಗಳಿಲ್ಲ, ಬಾಕಿಯ ಪುಟವೂ ಇಲ್ಲ. ಪ್ರತಿ ವ್ಯವಹಾರದಲ್ಲಿ ಎರಡು ಭಾಗ ಮಾತ್ರ. ಇನ್‌ಪುಟ್, ಅಂದ್ರೆ ಹಿಂದಿನ ಯಾವ ವ್ಯವಹಾರದಿಂದ ಬಂದ ಹಣ ಇದು ಅನ್ನೋದು. ಔಟ್‌ಪುಟ್, ಅಂದ್ರೆ ಈಗ ಎಲ್ಲಿಗೆ ಎಷ್ಟು ಹೋಗ್ತಿದೆ ಅನ್ನೋದು. ತಮಾಷೆ ನೋಡಿ, ಇನ್‌ಪುಟ್ ಸಾಲಿನಲ್ಲಿ ಮೊತ್ತವನ್ನೇ ಬರೆದಿರಲ್ಲ. 'ಇಂಥ ಹಳೇ ವ್ಯವಹಾರದ ಇಷ್ಟನೇ ಔಟ್‌ಪುಟ್' ಅಂತ ಬೆರಳು ತೋರಿಸಿ ಸುಮ್ಮನಾಗುತ್ತೆ. ಮೊತ್ತ ಬೇಕಂದ್ರೆ ಆ ಹಳೇ ವ್ಯವಹಾರ ತೆಗೆದು ನೋಡ್ಬೇಕು. ಹೀಗೆ ಒಂದರ ಬಾಲ ಹಿಡಿದು ಇನ್ನೊಂದಕ್ಕೆ ಹೋಗಬೇಕು.

ಮೊದಲ ವರ್ಷ ಇದನ್ನ ಓದೋಕೆ ಸುಲಭದ ದಾರಿ ಇರಲಿಲ್ಲ. ತಂತ್ರಾಂಶದ ಕಿಟಕಿಯಲ್ಲಿ ನಿಮ್ಮ ನಿಮ್ಮ ವ್ಯವಹಾರ ಕಾಣ್ತಿತ್ತು, ಅಷ್ಟೇ. 2010ರ ಜುಲೈನಲ್ಲಿ ಬಂದ 0.3 ಆವೃತ್ತಿ ಒಂದು ಬಾಗಿಲು ತೆರೀತು. ಅದರ ಹೆಸರು ಜೇಸನ್-ಆರ್‌ಪಿಸಿ. ಹೆಸರಿಗೆ ಹೆದರಬೇಡಿ. ಸರ್ಕಾರಿ ಕಚೇರಿಯ ಕೌಂಟರ್ ನೆನಪಿಸಿಕೊಳ್ಳಿ. ನಿಗದಿತ ನಮೂನೆಯಲ್ಲಿ ಚೀಟಿ ಬರೆದು ಕೊಟ್ರೆ, ನಿಗದಿತ ನಮೂನೆಯಲ್ಲೇ ಉತ್ತರ ಬರುತ್ತೆ. ಚೀಟಿ ಬರೆಯೋದು ಮನುಷ್ಯನೇ ಆಗಬೇಕಿಲ್ಲ, ಇನ್ನೊಂದು ಪ್ರೋಗ್ರಾಂ ಕೂಡ ಬರೀಬಹುದು. ಎಪಿಐ ಅನ್ನೋದು ಇದೇ ಕೌಂಟರ್. ಎಷ್ಟನೇ ಬ್ಲಾಕ್ ನಡೀತಿದೆ ಅಂತ ಕೇಳಬಹುದಿತ್ತು. ಆಮೇಲಿನ ವರ್ಷಗಳಲ್ಲಿ ಇಡೀ ಬ್ಲಾಕ್ ಕೊಡು, ಇಂಥ ವ್ಯವಹಾರ ಕೊಡು ಅನ್ನೋ ಪ್ರಶ್ನೆಗಳೂ ಸೇರಿದವು.

18,400 ಕೋಟಿಯ ರಾತ್ರಿ

ಬಾಗಿಲು ತೆರೆದು ಆರು ವಾರ ಕೂಡ ಆಗಿರಲಿಲ್ಲ. 2010ರ ಆಗಸ್ಟ್ 15. ನಮ್ಮಲ್ಲಿ ಸ್ವಾತಂತ್ರ್ಯ ದಿನದ ರಾತ್ರಿ. ಜೆಫ್ ಗಾರ್ಜಿಕ್ ಅನ್ನೋ ಪ್ರೋಗ್ರಾಮರ್ 74638ನೇ ಬ್ಲಾಕಿನ ಒಳಗಿನ ವಿವರ ತೆಗೆದು ನೋಡಿದರು. ಅದರಲ್ಲಿದ್ದ ಒಂದು ವ್ಯವಹಾರದ ಮೊತ್ತ ವಿಚಿತ್ರವಾಗಿದೆ ಅಂತ ಎಲ್ಲರಿಗೂ ತಿಳಿಸಿದರು.

ವಿಚಿತ್ರ ಅಂದ್ರೆ ಎಷ್ಟು? ಇಡೀ ಬಿಟ್‌ಕಾಯಿನ್ ವ್ಯವಸ್ಥೆಯಲ್ಲಿ ಯಾವ ಕಾಲಕ್ಕೂ 2.1 ಕೋಟಿಗಿಂತ ಹೆಚ್ಚು ನಾಣ್ಯ ಹುಟ್ಟಬಾರದು ಅನ್ನೋದು ನಿಯಮ. ಆ ಒಂದು ವ್ಯವಹಾರದಲ್ಲಿ ಒಳಗೆ ಹೋಗಿದ್ದು ಅರ್ಧ ಬಿಟ್‌ಕಾಯಿನ್. ಹೊರಗೆ ಬಂದಿದ್ದು 18,400 ಕೋಟಿಗೂ ಹೆಚ್ಚು. ಎರಡು ವಿಳಾಸಕ್ಕೆ ಸಮ ಸಮ ಪಾಲು.

ಹಳೇ ಸ್ಕೂಟರಿನ ಕಿಲೋಮೀಟರ್ ಮೀಟರು 99999 ದಾಟಿದ ಮೇಲೆ ಮತ್ತೆ 00000 ತೋರಿಸುತ್ತಲ್ಲ, ಇಲ್ಲಿ ಆಗಿದ್ದೂ ಅದೇ ಥರ. ಎರಡು ದೈತ್ಯ ಮೊತ್ತಗಳನ್ನ ಕೂಡಿದಾಗ ಲೆಕ್ಕ 64 ಬಿಟ್‌ನ ಮಿತಿ ದಾಟಿ ಸುತ್ತು ಹೊಡೀತು. ತಂತ್ರಾಂಶಕ್ಕೆ ಒಟ್ಟು ಮೊತ್ತ ತುಂಬಾ ಚಿಕ್ಕದಾಗಿ ಕಾಣಿಸ್ತು, ಸರಿ ಅಂತ ಒಪ್ಪಿಕೊಂಡ್ತು. ಜಾಲದಲ್ಲಿದ್ದ ಯಂತ್ರಗಳೆಲ್ಲ ತಲೆಯಾಡಿಸಿದವು. ಒಳಗಿನ ಸಾಲು ಓದಿದ ಮನುಷ್ಯರಿಗೆ ಮಾತ್ರ ಏನೋ ಎಡವಟ್ಟಾಗಿದೆ ಅಂತ ಗೊತ್ತಾಯ್ತು.

ಸುಮಾರು ಐದು ಗಂಟೆಯೊಳಗೆ ಸರಿಪಡಿಸಿದ ತಂತ್ರಾಂಶ ಹೊರಬಂತು. ಒಳ್ಳೆಯ ಸರಪಳಿ ಕೆಟ್ಟದ್ದನ್ನ ಹಿಂದೆ ಹಾಕೋ ಹೊತ್ತಿಗೆ ಲೆಕ್ಕ 74691ನೇ ಬ್ಲಾಕಿಗೆ ಬಂದಿತ್ತು. ಆ 18,400 ಕೋಟಿ ಇವತ್ತಿನ ಕಿರ್ದಿಯಲ್ಲಿ ಇಲ್ಲ.

ನನಗೆ ಇಲ್ಲಿ ಮುಖ್ಯ ಅನ್ಸೋದು ಇದು: ಪುಸ್ತಕ ತೆರೆದಿತ್ತು ಅನ್ನೋದೊಂದೇ ಕಾರಣಕ್ಕೆ ಬಿಟ್‌ಕಾಯಿನ್ ಉಳೀಲಿಲ್ಲ. ಆ ಹೊತ್ತಲ್ಲಿ ಯಾರೋ ಒಬ್ಬರು ಓದ್ತಾ ಇದ್ರು, ಅದಕ್ಕೆ ಉಳೀತು.

ಅದೇ ವರ್ಷದ ಕೊನೆಗೆ ಮೊದಲ ಬ್ಲಾಕ್ ಎಕ್ಸ್‌ಪ್ಲೋರರ್ ಬಂತು. ಕಿರ್ದಿಯನ್ನ ಪೂರ್ತಿ ಓದಿ, ವಿಳಾಸಕ್ಕೊಂದು ಪುಟ ಮಾಡಿ, ವೆಬ್‌ನಲ್ಲಿ ಇಟ್ಟ ಸೇವೆ ಅದು. ನಮ್ಮ ತಾತನ ಭಾಷೆಯಲ್ಲಿ ಹೇಳೋದಾದ್ರೆ, ಯಾರೋ ಪುಣ್ಯಾತ್ಮರು ಕೂತ್ಕೊಂಡು ಖತಾವಣಿ ಬರೆದ್ರು.

ಹೆಸರಿಲ್ಲದ ಪುಸ್ತಕಕ್ಕೆ ಹೆಸರು ಹಚ್ಚಿದವರು

ಆದ್ರೂ ಒಂದು ಕೊರತೆ ಉಳೀತು. ಖತಾವಣಿಯಲ್ಲಿ ಇದ್ದಿದ್ದು ವಿಳಾಸಗಳು, ಮನುಷ್ಯರಲ್ಲ. ಒಬ್ಬನೇ ಮನುಷ್ಯ ಸಾವಿರ ವಿಳಾಸ ಇಟ್ಕೋಬಹುದು.

ಇಲ್ಲಿ ಪಿಜ್ಜಾ ಕಥೆ ಸಹಾಯಕ್ಕೆ ಬರುತ್ತೆ. 2010ರ ಮೇ 22ರಂದು ಫ್ಲಾರಿಡಾದ ಲಾಸ್ಲೋ ಹಾನ್ಯೆಟ್ಸ್ ಎರಡು ಪಿಜ್ಜಾಗೆ 10,000 ಬಿಟ್‌ಕಾಯಿನ್ ಕೊಟ್ಟಿದ್ದು ನಿಮಗೆಲ್ಲ ಗೊತ್ತು, ಪ್ರತಿ ವರ್ಷ ಮೀಮ್ ಬರುತ್ತೆ. ಮೀಮಲ್ಲಿ ಇಲ್ಲದ ಒಂದು ವಿಷಯ ಹೇಳ್ತೀನಿ. ಆ ವ್ಯವಹಾರವನ್ನ ಎಪಿಐಯಿಂದ ತೆಗೆದು ನೋಡಿದ್ರೆ ಅದಕ್ಕೆ 131 ಇನ್‌ಪುಟ್‌ಗಳಿವೆ. ಜೇಬಲ್ಲಿದ್ದ ಚಿಲ್ಲರೆಯನ್ನೆಲ್ಲ ಎಣಿಸಿ ಎಣಿಸಿ ಕೊಟ್ಟ ಹಾಗೆ, 131 ಬೇರೆ ಬೇರೆ ಹಳೇ ಸಾಲುಗಳನ್ನ ಒಟ್ಟುಗೂಡಿಸಿ ಕೊಟ್ಟಿದ್ದಾರೆ. ಪ್ರತಿ ಚಿಲ್ಲರೆಯನ್ನ ಖರ್ಚು ಮಾಡೋಕೆ ಅದರದರ ಕೀಲಿ ಬೇಕು. ಒಂದೇ ಸಲಕ್ಕೆ 131ನ್ನೂ ತೆಗೆದ್ರು ಅಂದ್ರೆ, ಆ ಕೀಲಿಗಳೆಲ್ಲ ಒಂದೇ ಕೈಯಲ್ಲಿವೆ ಅಂತ ತಾನೇ ಅರ್ಥ? ಹಲವರು ಬೇಕಂತಲೇ ಸೇರಿ ಒಂದೇ ವ್ಯವಹಾರ ಮಾಡೋ ಕಾಯಿನ್‌ಜಾಯಿನ್ ಅನ್ನೋ ಉಪಾಯವೂ ಇದೆ, ಅದನ್ನ ಹುಷಾರಾಗಿ ಬೇರೆ ಮಾಡ್ಬೇಕು. ಆದ್ರೆ ಸಾಮಾನ್ಯವಾಗಿ ಈ ಊಹೆ ನಿಲ್ಲುತ್ತೆ. ಸತೋಶಿ 2008ರ ತಮ್ಮ ಮೂಲ ಪ್ರಬಂಧದಲ್ಲೇ ಇದನ್ನ ಒಪ್ಪಿಕೊಂಡಿದ್ದರು.

2013ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೋ ಕ್ಯಾಂಪಸ್ಸಿನಲ್ಲಿ ಸಾರಾ ಮೀಕಲ್‌ಜಾನ್ ಮತ್ತು ಅವರ ಜೊತೆಗಾರರು ಈ ಸೂತ್ರವನ್ನ ಇಡೀ ಕಿರ್ದಿಗೆ ಹಚ್ಚಿದರು. ಜೊತೆಗೆ ಒಂದು ಹಳ್ಳಿ ಬುದ್ಧಿ ಓಡಿಸಿದರು. ತಾವೇ ಅಂಗಡಿಗಳಲ್ಲಿ, ವಿನಿಮಯ ಕೇಂದ್ರಗಳಲ್ಲಿ 344 ವ್ಯವಹಾರ ಮಾಡಿದರು. ತಾವು ಕೊಟ್ಟ ಹಣ ಯಾವ ವಿಳಾಸಕ್ಕೆ ಹೋಯ್ತು ಅಂತ ಗೊತ್ತಲ್ಲ, ಆ ವಿಳಾಸ ಯಾವ ಗುಂಪಲ್ಲಿದೆಯೋ ಆ ಗುಂಪಿಗೆಲ್ಲ ಅಂಗಡಿಯ ಹೆಸರು ಅಂಟಿಸಿದರು. ಹೆಸರಿಲ್ಲದ ಪುಸ್ತಕದಲ್ಲಿ ಹೆಸರುಗಳು ಮೂಡತೊಡಗಿದವು.

ಎರಡು ವರ್ಷ ಯಾರೂ ಎಣಿಸಲಿಲ್ಲ

ಈಗ ನನ್ನ ತಮ್ಮನ ಕಥೆಯ ದೊಡ್ಡಣ್ಣ ಬರ್ತಾನೆ. ಹೆಸರು ಮೌಂಟ್ ಗಾಕ್ಸ್. ಟೋಕಿಯೋದಲ್ಲಿದ್ದ, ಆ ಕಾಲಕ್ಕೆ ಜಗತ್ತಿನ ಅತಿ ದೊಡ್ಡ ಬಿಟ್‌ಕಾಯಿನ್ ವಿನಿಮಯ ಕೇಂದ್ರ. 2014ರ ಫೆಬ್ರವರಿ 28ರಂದು ಅದು ದಿವಾಳಿ ರಕ್ಷಣೆಗೆ ಅರ್ಜಿ ಹಾಕ್ತು. ಕಾಣೆಯಾಗಿದ್ದು ಸುಮಾರು 8.5 ಲಕ್ಷ ಬಿಟ್‌ಕಾಯಿನ್. ಅದರಲ್ಲಿ 7.5 ಲಕ್ಷ ಗ್ರಾಹಕರದ್ದು. ಮಾರ್ಚಿನಲ್ಲಿ ಯಾವುದೋ ಹಳೇ ವಾಲೆಟ್‌ನಲ್ಲಿ 2 ಲಕ್ಷ ಸಿಕ್ತು ಅಂದ್ರು. ಉಳಿದಿದ್ದು ಹೋಯ್ತು.

ಟೋಕಿಯೋದಲ್ಲೇ ಇದ್ದ ಸ್ವೀಡನ್‌ನ ಸಾಫ್ಟ್‌ವೇರ್ ಇಂಜಿನಿಯರ್ ಕಿಮ್ ನಿಲ್ಸನ್ ಕೂಡ ಅಲ್ಲಿನ ಗ್ರಾಹಕ. ಅವರು ಕೋರ್ಟಿನ ಮುಂದೆ ಕೂತು ಕಾಯಲಿಲ್ಲ. ಕಿರ್ದಿಯನ್ನ ತಮ್ಮ ಕಂಪ್ಯೂಟರಿಗೆ ಇಳಿಸಿಕೊಂಡು, ಅದಕ್ಕೆ ತಮ್ಮದೇ ಸೂಚಿ ಬರೆಯೋ ಪ್ರೋಗ್ರಾಂ ಮಾಡಿದರು. ಸೋರಿಕೆಯಾಗಿದ್ದ ಕಂಪನಿಯ ದಾಖಲೆಗಳ ಜೊತೆ ದಿನ, ಹೊತ್ತು, ಮೊತ್ತ ತಾಳೆ ನೋಡ್ತಾ ಹೋದರು. ವಿಜ್‌ಸೆಕ್ ಅನ್ನೋ ಅವರ ಪುಟ್ಟ ತಂಡ 2015ರ ಏಪ್ರಿಲ್‌ನಲ್ಲಿ ಹೇಳಿದ್ದು ಕೇಳಿ ಎಲ್ಲರ ಬಾಯಿ ಕಟ್ಟಿತು: ಹಣ ಒಂದೇ ರಾತ್ರಿ ಹೋಗಿದ್ದಲ್ಲ. 2011ರ ಕೊನೆಯಿಂದಲೇ ಸ್ವಲ್ಪ ಸ್ವಲ್ಪವಾಗಿ ಸೋರಿ ಹೋಗ್ತಿತ್ತು.

ಒಂದು ಕ್ಷಣ ನಿಲ್ಲಿಸಿ ಯೋಚನೆ ಮಾಡಿ. ಎರಡು ವರ್ಷಕ್ಕೂ ಹೆಚ್ಚು ಕಾಲ ಗ್ರಾಹಕರು ಲಾಗಿನ್ ಆಗಿ ತಮ್ಮ ಬ್ಯಾಲೆನ್ಸ್ ನೋಡ್ತಿದ್ರು. ಅದು ಸರಿಯಾಗೇ ಕಾಣ್ತಿತ್ತು. ಯಾಕಂದ್ರೆ ಆ ಅಂಕಿ ಬರ್ತಿದ್ದಿದ್ದು ಕಂಪನಿಯ ಸ್ವಂತ ಡೇಟಾಬೇಸಿಂದ. ಅದೇ ಹೊತ್ತಲ್ಲಿ, ಜಗತ್ತಿನ ಯಾರು ಬೇಕಾದ್ರೂ ಓದಬಹುದಾದ ಕಿರ್ದಿಯಲ್ಲಿ, ಹಣ ಹೊರಗೆ ಹೋಗ್ತಿರೋದು ಸಾಲು ಸಾಲಾಗಿ ದಾಖಲಾಗ್ತಿತ್ತು. ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿದವರಿರಲಿಲ್ಲ.

ಕದ್ದ ಹಣದ ದೊಡ್ಡ ಭಾಗ ಹಾದುಹೋದ ದಾರಿ ಹಿಡಿದು ನಿಲ್ಸನ್ ಅಲೆಕ್ಸಾಂಡರ್ ವಿನ್ನಿಕ್ ಅನ್ನೋ ಹೆಸರಿಗೆ ಬಂದು ಮುಟ್ಟಿದರು. 2017ರ ಜುಲೈನಲ್ಲಿ ವಿನ್ನಿಕ್ ಗ್ರೀಸಿನಲ್ಲಿ ಸೆರೆಯಾದ. ಬಿಟಿಸಿ-ಇ ಅನ್ನೋ ವಿನಿಮಯ ಕೇಂದ್ರದ ಮೂಲಕ ನಡೆದ ಹಣ ಅಕ್ರಮ ವರ್ಗಾವಣೆಯ ಸಂಚಿನಲ್ಲಿ 2024ರಲ್ಲಿ ಅಮೆರಿಕದ ಕೋರ್ಟಲ್ಲಿ ತಪ್ಪೊಪ್ಪಿಕೊಂಡ. ಮೌಂಟ್ ಗಾಕ್ಸ್ ಕಳ್ಳತನಕ್ಕೆ ಅಂತಲೇ 2023ರಲ್ಲಿ ಅಮೆರಿಕ ಬೇರೆ ಇಬ್ಬರು ರಷ್ಯನ್ನರ ಮೇಲೆ ಆರೋಪ ಹೊರಿಸಿತು. ಅದರಲ್ಲಿ ಹೇಳಿದ ಮೊತ್ತ ಸುಮಾರು 6.47 ಲಕ್ಷ ಬಿಟ್‌ಕಾಯಿನ್.

ಕೌಂಟರಲ್ಲಿ ಕೂತಿರೋದು ಯಾರು?

'ಸರಿ, ಇನ್ಮೇಲೆ ನಾವೂ ಕಿರ್ದಿ ಕೇಳೋಣ' ಅಂತ ನೀವು ಅನ್ಕೊಂಡಿರಬಹುದು. ಅಲ್ಲೂ ಒಂದು ತಿರುವಿದೆ.

ನನ್ನ ಲ್ಯಾಪ್‌ಟಾಪಿಗೆ ಬಿಟ್‌ಕಾಯಿನ್ ಕಿರ್ದಿ ಪೂರ್ತಿ ಇಳಿಯೋಕೆ ಒಂಬತ್ತು ದಿನ ಬೇಕಾಯ್ತು. ಈಗ ಅದರ ಗಾತ್ರ 600 ಜಿಬಿ ದಾಟಿದೆ. ಫೋನಲ್ಲಿ ಇದಾಗೋ ಮಾತಲ್ಲ. ಹಾಗಾಗಿ ಹೆಚ್ಚಿನ ಆ್ಯಪ್‌ಗಳು ತಾವೇ ಪುಸ್ತಕ ಇಟ್ಕೊಳ್ಳಲ್ಲ. ಪುಸ್ತಕ ಇಟ್ಟಿರೋ ಯಾವುದೋ ಕಂಪನಿಯ ಎಪಿಐಯನ್ನ ಕೇಳ್ತವೆ.

2020ರ ನವೆಂಬರ್ 11ರಂದು ಇದರ ಬೆಲೆ ಗೊತ್ತಾಯ್ತು. ಇಥೀರಿಯಂ ಅನ್ನೋ ಇನ್ನೊಂದು ಬ್ಲಾಕ್‌ಚೈನ್‌ಗೆ ಹೀಗೆ ಉತ್ತರ ಕೊಡೋ ದೊಡ್ಡ ಸೇವೆ ಇನ್‌ಫ್ಯೂರಾ. ಅದರ ಕಂಪ್ಯೂಟರ್‌ಗಳು ಹಳೇ ಆವೃತ್ತಿಯ ತಂತ್ರಾಂಶದಲ್ಲಿ ಓಡ್ತಿದ್ವು. ಒಂದು ದೋಷದಿಂದಾಗಿ ಮುಖ್ಯ ಸರಪಳಿಯಿಂದ ಬೇರೆಯಾಗಿ ಹೋದವು. ಇಥೀರಿಯಂ ತನ್ನ ಪಾಡಿಗೆ ನಡೀತಾನೇ ಇತ್ತು. ಆದ್ರೆ ಮೆಟಾಮಾಸ್ಕ್ ಥರದ ವಾಲೆಟ್ ಹಿಡಿದವರಿಗೆ ಜಗತ್ತೇ ನಿಂತ ಹಾಗಾಯ್ತು. ಬೈನಾನ್ಸ್ ಇಥೀರಿಯಂ ಹಿಂತೆಗೆತವನ್ನ ಸ್ವಲ್ಪ ಹೊತ್ತು ನಿಲ್ಲಿಸಬೇಕಾಯ್ತು. 2022ರ ಮಾರ್ಚಿನಲ್ಲಿ ಅದೇ ಸೇವೆಯ ಸೆಟ್ಟಿಂಗ್ ಒಂದು ತಪ್ಪಾಗಿ, ವೆನೆಜುವೆಲಾದ ಜನರಿಗೆ ವಾಲೆಟ್ ಕೆಲಸ ಮಾಡಲಿಲ್ಲ. ಆಮೇಲೆ ಕಂಪನಿ ತಪ್ಪು ಒಪ್ಪಿಕೊಂಡು ಸರಿಪಡಿಸಿತು.

ಪುಸ್ತಕ ಸಾವಿರಾರು ಕಡೆ ಇರಬಹುದು. ನಾವೆಲ್ಲ ಒಂದೇ ಕೌಂಟರ್ ಮುಂದೆ ಸಾಲು ನಿಂತ್ರೆ, ಅಲ್ಲಿ ಕೂತವರು ಹೇಳಿದ್ದೇ ಪುಸ್ತಕ ಆಗಿಬಿಡುತ್ತೆ. ಅದಕ್ಕೇ ನಾನು ಏನೇ ಕೇಳಿದ್ರೂ ಒಂದಕ್ಕೊಂದು ಸಂಬಂಧ ಇಲ್ಲದ ಎರಡು ಕಡೆ ಕೇಳ್ತೀನಿ. ಇನ್ನೊಂದು ಎಚ್ಚರ: ಕೆಲವು ಎಪಿಐಗಳು ಉತ್ತರವನ್ನ ಬಿಟ್‌ಕಾಯಿನ್‌ನಲ್ಲಿ ಕೊಡ್ತವೆ, ಕೆಲವು ಸತೋಶಿ ಅನ್ನೋ ಚಿಕ್ಕ ಅಳತೆಯಲ್ಲಿ. 10 ಕೋಟಿ ಸತೋಶಿಗೆ ಒಂದು ಬಿಟ್‌ಕಾಯಿನ್. ಇದನ್ನ ಗಮನಿಸದೇ ಹೋದ್ರೆ ಚಿಲ್ಲರೆ ಕಾಸು ಖಜಾನೆ ಥರ ಕಾಣುತ್ತೆ.

ಮತ್ತೆ ಒಂದು ಮಜಾ ಗೊತ್ತಾ? ಸತೋಶಿಯ ಮೊಟ್ಟಮೊದಲ ಬ್ಲಾಕಿನಲ್ಲಿ 50 ಬಿಟ್‌ಕಾಯಿನ್ ಹುಟ್ಟಿಸಿದ ವ್ಯವಹಾರ ಇದೆಯಲ್ಲ, ಅದನ್ನ 'ಗೆಟ್‌ರಾಟ್ರಾನ್ಸಾಕ್ಷನ್' ಅನ್ನೋ ಆದೇಶ ಕೊಟ್ಟು ಕೇಳಿದ್ರೆ ಬಿಟ್‌ಕಾಯಿನ್ ಕೋರ್ ಕೊಡಲ್ಲ. ಇದು ಸಾಮಾನ್ಯ ವ್ಯವಹಾರ ಅಲ್ಲ, ತೆಗೆಯೋಕಾಗಲ್ಲ ಅಂತ ದೋಷ ಸಂದೇಶ ಬರುತ್ತೆ. ಬ್ಲಾಕ್ ಪೂರ್ತಿ ಕೇಳಿದ್ರೆ ಮಾತ್ರ ಒಳಗೆ ಕೂತಿರೋದು ಕಾಣುತ್ತೆ. ಪುಸ್ತಕ ಒಂದೇ ಆದ್ರೂ ಉತ್ತರ ಪ್ರಶ್ನೆಯ ಮೇಲೆ ನಿಂತಿರುತ್ತೆ.

ಆ ರಾತ್ರಿ

ಈಗ ತಮ್ಮನ ಹತ್ರ ವಾಪಸ್ ಹೋಗೋಣ. ಖಾಲಿ ಸಾಲು ಬಂದ ಮೇಲೆ ಅವನಿಗೆ ಹೇಳಿದೆ: "ಆ 30 ಸಾವಿರ ಕಟ್ಟಬೇಡ. ನಿನ್ನ ಹಣ ಅಲ್ಲಿಲ್ಲ." ಅವನು ನಂಬಲಿಲ್ಲ. "ಆದ್ರೆ ಆ್ಯಪಲ್ಲಿ ತೋರಿಸ್ತಿದೆ ಅಣ್ಣಾ" ಅಂದ. ಎರಡು ಸಲ, ಮೂರು ಸಲ ಅದನ್ನೇ ಅಂದ.

ನನ್ನ ನೋಡ್ ಹಣ ಖರ್ಚಾಗಿದೆ ಅನ್ನೋದನ್ನ ಹೇಳುತ್ತೆ, ಎಲ್ಲಿ ಖರ್ಚಾಯ್ತು ಅಂತ ಹೇಳಲ್ಲ. ಅದಕ್ಕೆ ಖತಾವಣಿ ಬೇಕು. ಎರಡು ಎಕ್ಸ್‌ಪ್ಲೋರರ್‌ಗಳ ಎಪಿಐ ಕೇಳಿದೆ. ಎರಡೂ ಒಂದೇ ಉತ್ತರ ಕೊಟ್ಟವು. ಅವನು ಕಳಿಸಿದ ಹಣ ಮೂರೇ ಬ್ಲಾಕ್ ಆದ್ಮೇಲೆ, ಅಂದ್ರೆ ಸುಮಾರು ಅರ್ಧ ಗಂಟೆಯಲ್ಲಿ, ಬೇರೆ ಕಡೆ ಹೋಗಿತ್ತು. ಆ ವ್ಯವಹಾರಕ್ಕೆ 63 ಇನ್‌ಪುಟ್ ಇದ್ದವು.

ಪಿಜ್ಜಾ ನೆನಪಿದೆಯಲ್ಲ? ಕೀಲಿಗಳೆಲ್ಲ ಒಂದೇ ಕೈಯಲ್ಲಿ. ನನ್ನ ತಮ್ಮನದ್ದು ಆ 63ರಲ್ಲಿ ಒಂದು. ಉಳಿದ 62 ಸಾಲುಗಳಲ್ಲಿ ದೊಡ್ಡ ಮೊತ್ತ ಯಾವುದೂ ಇರಲಿಲ್ಲ. ಕೆಲವು ಅವನದ್ದಕ್ಕಿಂತ ಸ್ವಲ್ಪ ಜಾಸ್ತಿ, ಹೆಚ್ಚಿನವು ಅದಕ್ಕಿಂತ ಕಡಿಮೆ. ಯಾರೋ ತಿಂಗಳ ಸಂಬಳ, ಯಾರೋ ಕಾಲೇಜು ಫೀಸು. ಇದು ನನ್ನ ಊಹೆ, ಕಿರ್ದಿ ಅದನ್ನ ಹೇಳಲ್ಲ.

ಆ ಪಟ್ಟಿಯನ್ನ ಸ್ಕ್ರೀನ್‌ಶಾಟ್ ಮಾಡಿ ಕಳಿಸಿದೆ. ಅವನು ಸುಮಾರು ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಕೇಳಿದ, "ಇವರೆಲ್ಲ ನನ್ನ ಥರಾನೇನಾ?" ಅಲ್ಲೀತನಕ ಅವನಿಗೆ ಹಣ ಹೋಯ್ತು ಅನ್ನೋದಕ್ಕಿಂತ, ನಾನೊಬ್ಬನೇ ಮೋಸ ಹೋದೆ ಅನ್ನೋ ನಾಚಿಕೆ ಜಾಸ್ತಿ ಇತ್ತು. ಮನೇಲಿ ಯಾರಿಗೂ ಹೇಳಿರಲಿಲ್ಲ. ದೂರು ಕೊಡೋದಿಲ್ಲ ಅಂತ ಮೊದಲೇ ಹೇಳಿದ್ದ.

ಬೆಳಿಗ್ಗೆ ಅವನೇ 1930ಕ್ಕೆ, ಅಂದ್ರೆ ಸೈಬರ್ ವಂಚನೆಯ ಸಹಾಯವಾಣಿಗೆ ಫೋನ್ ಮಾಡಿದ. ದೂರಿನ ಜೊತೆ ಎರಡೂ ವ್ಯವಹಾರದ ಐಡಿ, ಬ್ಲಾಕ್ ಸಂಖ್ಯೆ, ಹೊತ್ತು, ವಿಳಾಸಗಳ ಪಟ್ಟಿ ಲಗತ್ತಿಸಿದ. ಹಣ ಇವತ್ತಿಗೂ ಬಂದಿಲ್ಲ. ಸುಳ್ಳು ಹೇಳಲ್ಲ, ಬರುತ್ತೆ ಅನ್ನೋ ಭರವಸೆಯೂ ನನಗಿಲ್ಲ. ಕಿರ್ದಿಗೆ ಕಳೆದದ್ದನ್ನ ವಾಪಸ್ ಕೊಡೋ ಶಕ್ತಿ ಇಲ್ಲ. ಆ 30 ಸಾವಿರ ಮಾತ್ರ ಉಳೀತು. 63ರಲ್ಲಿ ಒಂದು ಸಾಲಿಗೆ ಈಗ ದೂರಿನ ಸಂಖ್ಯೆ ಇದೆ. ಮುಂದೆ ಯಾವತ್ತೋ ಯಾರೋ ಒಬ್ಬರು ಕೂತು ಆ ಕೈ ಯಾರದ್ದು ಅಂತ ಹುಡುಕಿದ್ರೆ, ಹೆಸರು ಹಚ್ಚೋಕೆ ಒಂದು ಜಾಗ ಸಿಕ್ಕ ಹಾಗಾಯ್ತು.

ಹಾಗಾಗಿ ನಿಮ್ಮನ್ನ ಕೇಳ್ಕೊಳ್ಳೋದು ಒಂದೇ. ಯಾವುದಾದ್ರೂ ಆ್ಯಪ್ ನಿಮ್ಮ ಹಣ ಬೆಳೀತಿದೆ ಅಂತ ತೋರಿಸಿದ್ರೆ, ಇನ್ನೊಂದು ರೂಪಾಯಿ ಹಾಕೋ ಮುಂಚೆ ಟ್ರಾನ್ಸಾಕ್ಷನ್ ಐಡಿ ತಗೊಂಡು ಕಿರ್ದಿ ಕೇಳಿ. ನಿಮಗೆ ಬರದಿದ್ರೆ ಬರೋರನ್ನ ಕೇಳಿ. ಇದನ್ನ ಕೇಳ್ತಿರೋರಲ್ಲಿ ಯಾರಾದ್ರೂ 64ರಲ್ಲಿ ಒಬ್ಬರಾಗೋದು ತಪ್ಪಿದ್ರೆ ನನಗೆ ಅಷ್ಟೇ ಸಾಕು.